ದಣಿವಿನ ವ್ಯಾಕರಣ

ಕಳೆದ ಬೇಸಿಗೆಯಲ್ಲಿ ಪದವಿ ತರಗತಿಗಳ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋಗಿದ್ದಾಗ ನನಗೊಬ್ಬ ಹೊಸ ಪರೀಕ್ಷಕನ ಪರಿಚಯವಾಯಿತು. ನಾನು ವಿದ್ಯಾರ್ಥಿಗಳಿಗೆ ಅಂಕ ಕೊಡುತ್ತಿದ್ದರೆ, ಆತ ನನ್ನ ದಣಿವಿಗೆ ಅಂಕ ಕೊಡುತ್ತಿದ್ದ. ಆತನ ವಾಸ ನನ್ನ ಮೊಬೈಲಿನಲ್ಲಿ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ದುಡಿಯುವ ನನ್ನ ಅಕ್ಕನ ಮಗ ಗಾಂಧಿನಗರದ ನಮ್ಮ ಮನೆಗೆ ಬಂದಿದ್ದವನು, ‘ಮಾಮ, ಇದನ್ನೂ ಒಂದ್ಸಲ ನೋಡ್ರಿ’ ಎಂದು ಆ ಆ್ಯಪನ್ನು ಹಾಕಿಕೊಟ್ಟು ಹೋಗಿದ್ದ. ಕೆಲಸದಲ್ಲಿ ಮನಸ್ಸು ಎಷ್ಟು ದಣಿದಿದೆಯೆಂಬುದನ್ನು ಅದು ಹೇಳುತ್ತದೆಯಂತೆ.

ಕನ್ನಡದ ಮೇಷ್ಟ್ರಿಗೆ ಇದರ ಗೊಡವೆ ಏಕೆಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಪ್ರಶ್ನೆ ಕೇಳುವುದು, ಉತ್ತರ ಪಡೆಯುವುದು, ಮನುಷ್ಯನ ಒಳಗಿನ ಸ್ಥಿತಿಗೊಂದು ಹೆಸರಿಡುವುದು ಇವೆಲ್ಲ ಭಾಷೆಯ ಕೆಲಸಗಳು. ದಣಿವನ್ನು ಕುರಿತು ಸಾವಿರಾರು ಜನ ದಿನವೂ ಓದುವ, ದಿನವೂ ಉತ್ತರಿಸುವ ಬರಹವೊಂದು ನಮ್ಮ ಕಣ್ಣೆದುರಿಗಿದೆ. ಕಥೆಯನ್ನೊ ಕವಿತೆಯನ್ನೊ ಓದುವಷ್ಟೇ ಎಚ್ಚರದಿಂದ ಅದನ್ನೂ ಓದಿ, ಅದರ ಗುಣದೋಷಗಳನ್ನು ವಿಚಾರಿಸುವುದು ವಿಮರ್ಶೆಯ ವ್ಯಾಪ್ತಿಗೆ ಹೊರತಾದುದೆಂದು ನನಗೆ ತೋರುವುದಿಲ್ಲ.

ಮೊದಲು ಇಂಥ ಆ್ಯಪುಗಳ ರೀತಿಯನ್ನು ತಿಳಿಯೋಣ. ಇವುಗಳಲ್ಲಿ ಸಾಮಾನ್ಯವಾಗಿ ಮೂರು ವಿಧಾನಗಳುಂಟು. ಮೊದಲನೆಯದು ನಮ್ಮನ್ನೇ ಕೇಳುವುದು: ‘ಈಗ ಹೇಗಿದ್ದೀರಿ?’ ಎಂದು ಕೇಳಿ, ನಗುವ ಮುಖದಿಂದ ಅಳುವ ಮುಖದವರೆಗೆ ಐದು ಚಿತ್ರಗಳನ್ನು ಮುಂದಿಡುತ್ತದೆ. ಇಲ್ಲವೆ ಒಂದರಿಂದ ಒಂಬತ್ತರವರೆಗೆ ಅಂಕಿ ಕೊಡುತ್ತದೆ. ಎರಡನೆಯದು ನಮ್ಮ ಚುರುಕನ್ನು ಪರೀಕ್ಷಿಸುವುದು. 1985ರಲ್ಲಿ ಅಮೆರಿಕದ ಡಿಂಜಸ್ ಮತ್ತು ಪೊವೆಲ್ ಎಂಬವರು ರೂಪಿಸಿದ ಪರೀಕ್ಷೆಯೊಂದಿದೆ. ಎರಡರಿಂದ ಹತ್ತು ಸೆಕೆಂಡುಗಳೊಳಗೆ ಯಾವ ಕ್ಷಣದಲ್ಲಾದರೂ ಒಂದು ಗುರುತು ಮೂಡುತ್ತದೆ. ಮೂಡಿದೊಡನೆ ಗುಂಡಿ ಒತ್ತಬೇಕು. ಅರ್ಧ ಸೆಕೆಂಡು ಮೀರಿದರೆ ಒಂದು ತಪ್ಪೆಂದು ಲೆಕ್ಕ. ಅದರ ಮರಿಗಳೇ ಈಗ ಮೊಬೈಲಿನ ಪರದೆಗೆ ಬಂದಿವೆ. ಮೂರನೆಯದು ಕೈಗಡಿಯಾರದ್ದು. ಅದು ಎದೆಬಡಿತದ ನಡುವಣ ಅಂತರದ ಏರುಪೇರನ್ನೂ ನಿದ್ರೆಯ ಗಂಟೆಗಳನ್ನೂ ಎಣಿಸಿ, ದೇಹ ಎಷ್ಟು ಸುಧಾರಿಸಿಕೊಂಡಿದೆಯೆಂದು ಊಹಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮೊದಲನೆಯದು ಅಳೆಯುವುದು ಅನಿಸಿಕೆಯನ್ನು, ಎರಡನೆಯದು ಬೆರಳಿನ ಎಚ್ಚರವನ್ನು, ಮೂರನೆಯದು ದೇಹದ ಸ್ಥಿತಿಯನ್ನು. ಮೂರೂ ಬೇರೆ ಬೇರೆ. ಮೂರನ್ನೂ ಕೂಡಿಸಿ ‘ನಿಮ್ಮ ಮಾನಸಿಕ ದಣಿವು ಇಷ್ಟು’ ಎಂದು ಒಂದೇ ಅಂಕಿಯನ್ನು ಕೊಟ್ಟಾಗ, ಲೆಕ್ಕ ತಪ್ಪದಿದ್ದರೂ ಅರ್ಥ ತಪ್ಪಬಹುದು.

ಇರಲಿ, ಮೌಲ್ಯಮಾಪನದ ಕಥೆಗೆ ಬರುತ್ತೇನೆ. ಬಳ್ಳಾರಿಯ ಬೇಸಿಗೆಯನ್ನು ಬಲ್ಲವರಿಗೆ ಆ ಕೊಠಡಿಯನ್ನು ವರ್ಣಿಸಬೇಕಾಗಿಲ್ಲ. ಫ್ಯಾನು ಬೀಸುವುದೂ ಬಿಸಿಗಾಳಿಯನ್ನೇ. ಮೊಬೈಲುಗಳು ಹೊರಗೆ, ನಾವು ಒಳಗೆ. ಬೆಳಿಗ್ಗೆ ಒಳಗೆ ಹೋಗುವ ಮೊದಲು ಗುಂಡಿ ಒತ್ತುವ ಪರೀಕ್ಷೆ ಮಾಡಿಕೊಂಡೆ. ಉತ್ತಮ ಫಲಿತಾಂಶ ಬಂತು. ಸಂಜೆ ನಾಲ್ಕಕ್ಕೆ ಚಹಾ ಕುಡಿಯಲು ಹೊರಬಂದಾಗ ಮತ್ತೆ ಮಾಡಿದೆ. ನಾನು ಚೆನ್ನಾಗಿಯೇ ಇದ್ದೇನೆಂಬುದು ನನ್ನ ನಂಬಿಕೆ. ಆದರೆ ಬೆಳಿಗ್ಗೆ ಒಂದೂ ತಪ್ಪದ ಬೆರಳು ಈಗ ಮೇಲಿಂದ ಮೇಲೆ ತಪ್ಪಿತು. ನನಗೆ ಗಾಬರಿಯಾದದ್ದು ನನ್ನ ಆರೋಗ್ಯದ ಚಿಂತೆಯಿಂದಲ್ಲ. ಚಹಕ್ಕೆ ಮೊದಲು ನಾನು ನೋಡಿ ಮುಗಿಸಿದ್ದ ಪತ್ರಿಕೆಗಳ ಗತಿ ಏನು? ಒಳಗೆ ಹೋದವನು, ಕಟ್ಟನ್ನು ಒಪ್ಪಿಸುವ ಮೊದಲು ಕೊನೆಯ ಆರು ಪತ್ರಿಕೆಗಳನ್ನು ಮತ್ತೆ ಓದಿದೆ. ಎರಡರಲ್ಲಿ ಅಂಕ ತಿದ್ದಬೇಕಾಯಿತು. ಒಂದರಲ್ಲಂತೂ, ಕೆಟ್ಟ ಅಕ್ಷರದ ಹುಡುಗನೊಬ್ಬ ಹತ್ತು ಅಂಕದ ಪ್ರಶ್ನೆಗೆ ಬರೆದಿದ್ದ ಒಳ್ಳೆಯ ಉತ್ತರದ ಎರಡನೆಯ ಪುಟವನ್ನು ನಾನು ಓದಿಯೇ ಇರಲಿಲ್ಲ. ನಾಲ್ಕು ಇದ್ದದ್ದು ಏಳಾಯಿತು. ಇಪ್ಪತ್ತು ವರ್ಷಗಳಿಂದ ಈ ಕೆಲಸ ಮಾಡುತ್ತಿರುವ ನನಗೆ, ಹಿಂದಿನ ಬೇಸಿಗೆಗಳ ನಾಲ್ಕು ಗಂಟೆಗಳೆಲ್ಲ ನೆನಪಿಗೆ ಬಂದುವು. ಅವುಗಳಿಗೆ ಈಗ ಪರಿಹಾರವಿಲ್ಲ.

ಆದುದರಿಂದ ಈ ಯಂತ್ರವನ್ನು ಹಳಿಯಲು ನಾನು ಕುಳಿತಿಲ್ಲ. ಅದರಿಂದ ನನಗೆ ಉಪಕಾರವಾಗಿದೆ. ನನಗಿಂತ ಹೆಚ್ಚಾಗಿ ಇಬ್ಬರು ಅಪರಿಚಿತ ವಿದ್ಯಾರ್ಥಿಗಳಿಗೆ ಆಗಿದೆ. ಅಧ್ಯಾಪಕರ ದಣಿವನ್ನು ಅಳೆಯುವುದೇನೂ ಹೊಸ ವಿದ್ಯೆಯಲ್ಲವೆಂಬುದೂ ಆಮೇಲೆ ನೆನಪಾಯಿತು. ಇಟಲಿಯ ತೂರಿನ್ ನಗರದ ಶರೀರಶಾಸ್ತ್ರಜ್ಞ ಆಂಜೆಲೊ ಮೊಸ್ಸೊ 1891ರಲ್ಲಿ ದಣಿವನ್ನೇ ವಿಷಯವಾಗಿಸಿಕೊಂಡು ಒಂದು ಗ್ರಂಥ ಬರೆದ. ಆತನ ಉಪಕರಣ ಸರಳ: ಕೈಯನ್ನು ಅಲುಗದಂತೆ ಬಿಗಿದು, ನಡುಬೆರಳಿಗೆ ದಾರದಿಂದ ತೂಕವೊಂದನ್ನು ಕಟ್ಟಿ, ಮತ್ತೆ ಮತ್ತೆ ಎತ್ತಿಸುವುದು, ಪ್ರತಿ ಎತ್ತುವಿಕೆಯೂ ಗೆರೆಯಾಗಿ ಮೂಡುವುದು. ಮೌಖಿಕ ಪರೀಕ್ಷೆ ನಡೆಸಿ ಬಂದ ಸಹೋದ್ಯೋಗಿಗಳ ಬೆರಳನ್ನು ಆತ ಹೀಗೆ ಪರೀಕ್ಷಿಸಿದ. ಮಾತಾಡಿ, ಕೇಳಿ, ಅಂಕ ಹಾಕಿ ಬಂದವರ ಬೆರಳಿನ ಬಲವೂ ಕುಗ್ಗಿತ್ತು. ದಣಿದದ್ದು ಮಿದುಳು, ಸೋತದ್ದು ಬೆರಳು. ನನ್ನ ಮೊಬೈಲು ಆ ದಾರ ಮತ್ತು ತೂಕಗಳ ಮೊಮ್ಮಗನೆಂದರೆ ತಪ್ಪಾಗಲಾರದು.

ಆದರೆ ಮೊಸ್ಸೊನ ಕೋಣೆಯಿಂದ ನನ್ನ ಅಕ್ಕನ ಮಗನ ಕಚೇರಿಗೆ ಬಂದರೆ ಚಿತ್ರ ಬದಲಾಗುತ್ತದೆ. ನನಗೆ ಆತ ಹಾಕಿಕೊಟ್ಟದ್ದು ಖಾಸಗಿ ಬಳಕೆಯದು. ಆತನದು ಕಂಪನಿಯೇ ಕೊಟ್ಟದ್ದು. ದಿನವೂ ಮಧ್ಯಾಹ್ನ ಮೂರಕ್ಕೆ ಐದು ಮುಖಗಳು ಬರುತ್ತವೆ. ಹೆಸರು ಗುಪ್ತ, ತಂಡದ ಸರಾಸರಿ ಮಾತ್ರ ಮೇಲಿನವರಿಗೆ ಎಂಬುದು ಆಶ್ವಾಸನೆ. ಆದರೆ ತಂಡದಲ್ಲಿರುವವರು ಆರೇ ಮಂದಿ. ಆರು ಮಂದಿಯ ಸರಾಸರಿಯಲ್ಲಿ ಗುಟ್ಟು ಎಷ್ಟು ಹೊತ್ತು ನಿಂತೀತು? ‘ಹಾಗಾದರೆ ನೀನು ಏನು ಒತ್ತುತ್ತೀಯ?’ ಎಂದು ಕೇಳಿದೆ.

‘ಎಲ್ಲಾರೂ ನಗೋ ಮುಖಾನ ಒತ್ತತಾರ ಮಾಮ. ಸಪ್ಪಗಿರೋದು ಒತ್ತಿದ್ರ ಮ್ಯಾಲಿನೋರು ಮೀಟಿಂಗ್ ಕರೀತಾರ. ಆ ಮೀಟಿಂಗಿಗೆ ಕುಂದ್ರೋದು ಇನ್ನೊಂದು ದಣಿವು.’

ಈ ಮಾತು ಹೇಳುವಾಗ ಆತ ನಗುತ್ತಲೇ ಇದ್ದ. ಒಳಗಿದ್ದ ನನ್ನ ಅಕ್ಕ ಮಾತ್ರ ನಗಲಿಲ್ಲ. ‘ಊಟದ ನಡಕ ಮೂರು ಸಲ ಎದ್ದ. ಏನು ಉಂಡ ಅಂತ ಕೇಳು, ಹೇಳಲಿ’ ಎಂದಳು. ಆತ ಹೇಳಲಾರದೆ ಹೋದ. ಆಕೆಯ ಬಳಿ ಯಾವ ಉಪಕರಣವೂ ಇರಲಿಲ್ಲ. ಆದರೆ ಆಕೆಗೆ ಸಿಕ್ಕ ಉತ್ತರ ಸುಳ್ಳಾಗಿರಲಿಲ್ಲ.

ಹಾಗಾದರೆ ಕಂಪನಿಯ ಪ್ರಶ್ನೆಯಲ್ಲಿರುವ ಕೊರತೆ ಯಾವುದು? ನನ್ನ ವೃತ್ತಿಗೆ ತಕ್ಕಂತೆ ನಾನದನ್ನು ವ್ಯಾಕರಣದಲ್ಲಿ ಹುಡುಕುತ್ತೇನೆ. ಕನ್ನಡದಲ್ಲಿ ‘ದಣಿ’ ಎಂಬುದು ಅಕರ್ಮಕ ಧಾತು. ದಣಿದೆ, ದಣಿದನು, ದಣಿದರು ಎಂದರೆ ಸಾಕು, ವಾಕ್ಯ ಪೂರ್ಣವಾಗುತ್ತದೆ. ದಣಿವಿಗೆ ಕಾರಣರಾದವರು ವಾಕ್ಯದೊಳಗೆ ಬರಬೇಕಾಗಿಯೇ ಇಲ್ಲ. ಅದೇ ಧಾತುವಿಗೆ ‘ಇಸು’ ಪ್ರತ್ಯಯ ಹತ್ತಿದರೆ ‘ದಣಿಸು’ ಆಗುತ್ತದೆ. ಕೂಡಲೆ ವಾಕ್ಯಕ್ಕೆ ಇನ್ನೊಬ್ಬ ಕರ್ತೃ ಬೇಕಾಗುತ್ತಾನೆ: ಯಾರು ದಣಿಸಿದರು? ಯಾವುದು ದಣಿಸಿತು? ಆ್ಯಪಿಗೆ ‘ದಣಿ’ ಗೊತ್ತು, ‘ದಣಿಸು’ ಗೊತ್ತಿಲ್ಲ. ಎಷ್ಟು ದಣಿದಿದ್ದೀರಿ ಎಂದು ಐದು ಬಗೆಯಲ್ಲಿ ಕೇಳೀತು. ಯಾವುದು ದಣಿಸಿತು ಎಂದು ಒಮ್ಮೆಯೂ ಕೇಳುವುದಿಲ್ಲ. ಕೊನೆಗೆ ಅದು ಕೊಡುವ ಸಲಹೆಗಳೂ ಈ ವ್ಯಾಕರಣಕ್ಕೆ ತಕ್ಕವೇ: ದೀರ್ಘವಾಗಿ ಉಸಿರಾಡಿ, ನೀರು ಕುಡಿಯಿರಿ, ಐದು ನಿಮಿಷ ನಡೆದು ಬನ್ನಿ. ಕರ್ತೃವೂ ನಾನೇ, ಪರಿಹಾರವೂ ನನ್ನದೇ. ನಮ್ಮ ಸೀಮೆಯಲ್ಲಿ ಯಜಮಾನನಿಗೆ ‘ಧಣಿ’ ಎನ್ನುವುದುಂಟು. ಆಡುಮಾತಿನಲ್ಲಿ ಮಹಾಪ್ರಾಣ ಬಿದ್ದುಹೋಗಿ ಅದೂ ‘ದಣಿ’ಯೇ ಆಗುತ್ತದೆ. ದಣಿಸುವ ದಣಿಯನ್ನು ದಣಿದವನ ವಾಕ್ಯದೊಳಗೆ ಮರೆಮಾಡುವ ಈ ಶ್ಲೇಷೆಯನ್ನು ಯಂತ್ರ ಅರಿಯದೆಯೇ ಸಾಧಿಸಿದೆ!

ಇದು ಬರಿಯ ಮಾತಿನ ಚಮತ್ಕಾರವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ರೋಗಗಳ ವರ್ಗೀಕರಣವನ್ನು ಪರಿಷ್ಕರಿಸಿದಾಗ, ಬರ್ನ್‌ಔಟ್ ಎಂದು ಕರೆಯಲಾಗುವ ಸ್ಥಿತಿಗೆ ಒಂದು ಸ್ಪಷ್ಟ ನಿರೂಪಣೆ ಕೊಟ್ಟಿತು. ಶಕ್ತಿಯೆಲ್ಲ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ತನ್ನಿಂದ ಏನೂ ಆಗದೆನಿಸುವುದು ಇವೇ ಅದರ ಮೂರು ಲಕ್ಷಣಗಳು. ಅದನ್ನು ಅವರು ರೋಗವೆನ್ನಲಿಲ್ಲ. ಸರಿಯಾಗಿ ನಿಭಾಯಿಸದ ದೀರ್ಘಕಾಲದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದರು. ಅಂದರೆ ನಿರೂಪಣೆಯೊಳಗೇ ‘ದಣಿಸು’ ಇದೆ. ಕೆಲಸವನ್ನು ಬಿಟ್ಟು ಬರಿಯ ಮನುಷ್ಯನನ್ನು ಅಳೆದರೆ ಅರ್ಧ ಅಳೆದಂತೆಯೇ ಸರಿ.

ನಮ್ಮ ರಾಜ್ಯದಲ್ಲಿಯೇ ಈ ಉಳಿದರ್ಧದ ಚರ್ಚೆ ಬಹಿರಂಗವಾಗಿ ನಡೆದಿದೆ. ಅಂಗಡಿಗಳಿಗೂ ವಾಣಿಜ್ಯ ಸಂಸ್ಥೆಗಳಿಗೂ ಅನ್ವಯಿಸುವ 1961ರ ಕರ್ನಾಟಕದ ಕಾಯಿದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಗೆರೆ ಎಳೆಯಿತು. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ಸ್ಥಾಪಕರಲ್ಲೊಬ್ಬರಾದ ನಾರಾಯಣಮೂರ್ತಿಯವರು, ದೇಶದ ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2024ರ ಜುಲೈನಲ್ಲಿ, ಐಟಿ ನೌಕರರ ದುಡಿಮೆಯನ್ನು ದಿನಕ್ಕೆ 14 ಗಂಟೆಯವರೆಗೆ ಹಿಗ್ಗಿಸಲು ಅವಕಾಶ ಕೊಡುವ ಸಲಹೆ ಸರ್ಕಾರದ ಮುಂದೆ ಬಂದು, ನೌಕರರ ಸಂಘದ ತೀವ್ರ ವಿರೋಧಕ್ಕೆ ಗುರಿಯಾಯಿತು. ಒಂದು ಕೈಯಿಂದ ಗಂಟೆಗಳನ್ನು ಹೆಚ್ಚಿಸುತ್ತ ಇನ್ನೊಂದು ಕೈಯಿಂದ ದಣಿವನ್ನು ಅಳೆಯುವುದೆಂದರೆ, ಕೊಡಕ್ಕೆ ತೂತು ಕೊರೆದು ಎಷ್ಟು ಸೋರುತ್ತಿದೆಯೆಂದು ಲೋಟದಲ್ಲಿ ಹಿಡಿದು ನೋಡಿದಂತೆ.

ನಮ್ಮ ಸಾಹಿತ್ಯ ಈ ವಿಷಯದಲ್ಲಿ ಏನು ಮಾಡಿದೆ? ದುಡಿಮೆಯನ್ನು ಗೌರವಿಸಿದ ಪರಂಪರೆ ನಮ್ಮದು. ದುಡಿಮೆಗಾರನ ದಣಿವನ್ನು ಆಲಿಸಿದ್ದು ಅದಕ್ಕಿಂತ ಕಡಮೆ. ಆದರೂ ಮೂರು ನಿದರ್ಶನಗಳು ಇಲ್ಲಿ ಪ್ರಸ್ತುತವೆನಿಸುತ್ತವೆ.

ಒಂದು, ಯಶವಂತ ಚಿತ್ತಾಲರ ‘ಶಿಕಾರಿ’. 1979ರಲ್ಲಿ ಬಂದ ಈ ಕಾದಂಬರಿಯ ನಾಗಪ್ಪ ಮುಂಬಯಿಯ ರಾಸಾಯನಿಕ ಕಂಪನಿಯೊಂದರ ಹಿರಿಯ ನೌಕರ. ಇದ್ದಕ್ಕಿದ್ದಂತೆ ಅವನನ್ನು ಕೆಲಸದಿಂದ ಅಮಾನತಿನಲ್ಲಿಡುತ್ತಾರೆ. ತಪ್ಪೇನೆಂಬುದು ಅವನಿಗೆ ಸ್ಪಷ್ಟವಾಗುವುದಿಲ್ಲ. ಚಿತ್ತಾಲರೂ ಅದೇ ಬಗೆಯ ಉದ್ಯಮದಲ್ಲಿ ದುಡಿದವರು. ಕಚೇರಿಯ ಗಾಳಿಯನ್ನು ಬಲ್ಲವರು. ನಾಗಪ್ಪನ ಮನಸ್ಸು ದಣಿಯುತ್ತದೆ, ಶಂಕೆಯಿಂದ ಶಂಕೆಗೆ ಹೊರಳುತ್ತದೆ. ಆದರೆ ಚಿತ್ತಾಲರು ಆ ಮನಸ್ಸನ್ನೊಂದು ಗಾಜಿನ ಸೀಸೆಯಲ್ಲಿಟ್ಟು ತೋರಿಸುವುದಿಲ್ಲ. ಅದನ್ನು ಬೇಟೆಯಾಡುತ್ತಿರುವವರನ್ನೂ, ಬೇಟೆಗೆ ಅನುವು ಮಾಡಿಕೊಡುವ ವ್ಯವಸ್ಥೆಯನ್ನೂ ಅದರ ಸುತ್ತಲೇ ನಿಲ್ಲಿಸುತ್ತಾರೆ. ಶೀರ್ಷಿಕೆಯಲ್ಲಿಯೇ ‘ಇಸು’ ಪ್ರತ್ಯಯವಿದೆ ಎನ್ನಬಹುದು: ಬೇಟೆಯಿದ್ದಲ್ಲಿ ಬೇಟೆಗಾರನಿರಲೇಬೇಕು. ನಾಗಪ್ಪನ ಕೈಗೆ ಐದು ಮುಖಗಳ ಆ್ಯಪನ್ನು ಕೊಟ್ಟು ನೋಡಿ, ಕಾದಂಬರಿಯಲ್ಲಿ ಉಳಿಯುವುದೇನು? ಒಂದು ಅಳುಮುಖ.

ಎರಡು, ಬೀಸುವ ಪದಗಳು. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಹೊರತಂದ ಹಾಡುಗಳಲ್ಲಿ ನಸುಕಿನಲ್ಲೆದ್ದು ಬೀಸುವ ಹೆಣ್ಣಿನ ಬದುಕೆಲ್ಲ ಇದೆ: ತವರು, ಅಣ್ಣತಮ್ಮಂದಿರು, ಅತ್ತೆಯ ಮನೆ, ಕೂಸು. ರಟ್ಟೆಯ ನೋವನ್ನು ಅವಳು ಅಂಕಿಯಲ್ಲಿ ಹೇಳಲಿಲ್ಲ. ಅದಕ್ಕೊಂದು ದನಿ ಕೊಟ್ಟಳು. ಎದುರಿಗೆ ಕುಳಿತು ಗೂಟ ಹಿಡಿದ ನೆರೆಯವಳೊಬ್ಬಳು ಆ ದನಿಗೆ ದನಿ ಕೂಡಿಸಿದಳು. ಇದರಿಂದ ಬೀಸುವ ಜೋಳವೇನೂ ಕಡಮೆಯಾಗಲಿಲ್ಲ ನಿಜ. ಆ ಬಾಳನ್ನು ನಾನು ಚಿನ್ನದ ಕಾಲವೆನ್ನುತ್ತಿಲ್ಲ. ಗಿರಣಿ ಬಂದದ್ದು ಹೆಣ್ಣುಮಕ್ಕಳ ಪುಣ್ಯ. ಆದರೆ ದಣಿವು ಒಬ್ಬಳದೇ ಆಗಿ ಉಳಿಯಲಿಲ್ಲವೆಂಬುದು ಸಣ್ಣ ಸಂಗತಿಯಲ್ಲ. ನನ್ನ ಅಕ್ಕನ ಮಗನ ತಂಡದ ಆರೂ ಮಂದಿ, ಪರಸ್ಪರ ಕಾಣದಂತೆ, ಒಂದೇ ಹೊತ್ತಿಗೆ ನಗುವ ಮುಖ ಒತ್ತುತ್ತಾರೆ.

ಮೂರು, ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ. ರಾಯಚೂರು ಸೀಮೆಯಿಂದ ಕಲ್ಯಾಣಕ್ಕೆ ಹೋದ ಈ ದಂಪತಿಗಳದು ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ನಮಗೆ ಬೇಕಾದ್ದಕ್ಕಿಂತ ಮಿಗಿಲಾದುದು ಬೇಡವೆಂದು ಲಕ್ಕಮ್ಮ ಅದನ್ನು ಹಿಂದಿರುಗಿಸುವಂತೆ ಹೇಳಿದಳೆಂದು ಕಥೆ. ಕಾಯಕವನ್ನು ಕೈಲಾಸಕ್ಕೆ ಸಮಗಟ್ಟಿದ ಮಾತನ್ನು ಇಂದು ಕಚೇರಿಗಳ ಗೋಡೆಯ ಮೇಲೆ ಬರೆಸುವವರುಂಟು. ಅದೇ ಮನೆಯ ಹೆಂಡತಿ ಕಾಯಕಕ್ಕೆ ‘ಇಷ್ಟು ಸಾಕು’ ಎಂಬ ಎಲ್ಲೆಯನ್ನು ಹಾಕಿದ್ದನ್ನು ಯಾರೂ ಬರೆಸಿದಂತೆ ಕಾಣೆ.

ಈ ಎಲ್ಲೆಯ ಮಾತಿನಿಂದ ಮತ್ತೊಮ್ಮೆ ಪದದ ವಿಚಾರಕ್ಕೆ ಬರಬೇಕು. ‘ಮನದಣಿಯೆ ಹಾಡಿದ’, ‘ಕಣ್ದಣಿಯೆ ನೋಡಿದ’ ಎನ್ನುತ್ತೇವಲ್ಲ, ಅಲ್ಲಿ ‘ದಣಿ’ ಎಂದರೆ ತೃಪ್ತಿ. ಬಳಲುವುದಕ್ಕೂ ತಣಿಯುವುದಕ್ಕೂ ಕನ್ನಡ ಒಂದೇ ರೂಪವನ್ನು ಇಟ್ಟುಕೊಂಡಿದೆ. ಇದು ಅನುಭವಕ್ಕೆ ದೂರವಾದುದಲ್ಲ. ಒಂದು ಒಳ್ಳೆಯ ತರಗತಿ ಮುಗಿಸಿ, ಗಂಟಲು ಒಣಗಿ, ಕಾಲು ಸೋತು ಹೊರಬಂದ ದಿನ ನಾನು ದಣಿದಿರುತ್ತೇನೆ. ಮನ ದಣಿದಿರುತ್ತದೆ, ಎರಡೂ ಅರ್ಥದಲ್ಲಿ. ಯಾರೂ ಓದದ ವರದಿಯೊಂದರ ಕೋಷ್ಟಕ ತುಂಬಿ ಎದ್ದ ದಿನವೂ ದಣಿದಿರುತ್ತೇನೆ. ಅಲ್ಲಿ ಒಂದೇ ಅರ್ಥ. ಗುಂಡಿ ಒತ್ತುವ ಪರೀಕ್ಷೆಯಲ್ಲಿ ಎರಡು ದಿನಗಳಿಗೂ ಒಂದೇ ಅಂಕ ಬಂದೀತು. ಮೊದಲನೆಯ ದಣಿವಿಗೆ ನಿದ್ರೆ ಸಾಕು. ಎರಡನೆಯದಕ್ಕೆ ಕೆಲಸವೇ ಬದಲಾಗಬೇಕು.

ಇಷ್ಟಕ್ಕೆ ಆಕ್ಷೇಪಣೆಯೊಂದು ಬಂದೇ ಬರುತ್ತದೆ: ಕಾದಂಬರಿ, ಹಾಡುಗಳಿಂದ ನೊಂದವರ ಕಷ್ಟ ತೀರುತ್ತದೆಯೆ? ತೀರುವುದಿಲ್ಲ. ಹೇಳಿಕೊಳ್ಳಲು ಯಾರೂ ಇಲ್ಲದ ನಡುರಾತ್ರಿಯಲ್ಲಿ ಮೊಬೈಲೇ ಮೊದಲ ಬಾಗಿಲಾಗಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಆಧಾರ. 14416ಕ್ಕೆ ಕರೆ ಮಾಡಿದರೆ ಹಗಲುರಾತ್ರಿ ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ. 2024ರಲ್ಲಿ ಅದರದೂ ಒಂದು ಆ್ಯಪ್ ಬಂತು. ಆದರೆ ವ್ಯತ್ಯಾಸವನ್ನು ಗಮನಿಸಿ: ಅಲ್ಲಿ ಮೊಬೈಲಿನ ಆಚೆಗೆ ಕೇಳುವ ಮನುಷ್ಯರಿದ್ದಾರೆ, ಅವರು ನಮ್ಮ ಸಂಬಳ ಬರೆಯುವವರಲ್ಲ.

ಇನ್ನೊಬ್ಬರ ಜೀವ ನಮ್ಮ ಎಚ್ಚರವನ್ನು ನಂಬಿರುವ ಕಡೆ ಅಳತೆ ಬೇಕೇ ಬೇಕು. 2023ರ ಸೆಪ್ಟೆಂಬರಿನಲ್ಲಿ ಇಂಡಿಗೊ ವಿಮಾನಸಂಸ್ಥೆ ಪೈಲಟರ ದಣಿವನ್ನು ಅಭ್ಯಸಿಸಲು ಮಣಿಕಟ್ಟಿನ ಸಾಧನವೊಂದರ ಪ್ರಯೋಗವನ್ನು ಪ್ರಕಟಿಸಿದಾಗ ಅದರ ಔಚಿತ್ಯ ಯಾರಿಗೂ ಅರ್ಥವಾಗುವಂಥದು. ಐರೋಪ್ಯ ಒಕ್ಕೂಟ, ಕೆಲಸದ ಸ್ಥಳದಲ್ಲಿ ನೌಕರರ ಮುಖ ದನಿಗಳಿಂದ ಭಾವನೆಯನ್ನು ಊಹಿಸುವ ಯಂತ್ರಗಳನ್ನು 2025ರ ಫೆಬ್ರವರಿ 2ರಿಂದ ನಿಷೇಧಿಸಿದೆ. ಚಿಕಿತ್ಸೆ, ಸುರಕ್ಷತೆಗಳಿಗೆ ಮಾತ್ರ ವಿನಾಯಿತಿ. ಆದರೆ ಅದೇ ಕಾಯಿದೆ ದಣಿವನ್ನು ಭಾವನೆಯೆಂದೆಣಿಸದೆ, ನೋವಿನೊಡನೆ ದೇಹದ ಸ್ಥಿತಿಗಳ ಸಾಲಿನಲ್ಲಿ ಇಟ್ಟಿದೆ. ಚಾಲಕನ ತೂಕಡಿಕೆಗೆ ಇದು ಸರಿ. ಮನಸ್ಸಿನ ದಣಿವು ಯಾವ ಸಾಲಿನದು? ಬೇಸರ, ಅವಮಾನ, ನಾಳೆಯ ಭಯ ಇವೆಲ್ಲ ಸೇರಿ ಆದ ದಣಿವನ್ನು ದೇಹದ ಲೆಕ್ಕಕ್ಕೆ ಬರೆದರೆ, ನಿಷೇಧಿಸಿದ ಊಹೆಯೇ ಹಿತ್ತಲ ಬಾಗಿಲಿನಿಂದ ಒಳಗೆ ಬಂದೀತು. ನಮ್ಮಲ್ಲಿಯೂ ವೈಯಕ್ತಿಕ ದತ್ತಾಂಶಗಳ ರಕ್ಷಣೆಗೆ 2023ರಲ್ಲಿ ಕಾಯಿದೆಯಾಗಿದೆ. ಆದರೆ ಕೆಲಸ ಕೊಟ್ಟವನು ಕೇಳಿದಾಗ ನೌಕರನ ಒಪ್ಪಿಗೆ ಎಷ್ಟರ ಮಟ್ಟಿಗೆ ಒಪ್ಪಿಗೆಯೆಂಬುದನ್ನು ಯಾವ ಕಾಯಿದೆಯೂ ಸುಲಭವಾಗಿ ತೀರ್ಮಾನಿಸಲಾರದು.

ನನ್ನ ಅಭಿಪ್ರಾಯವನ್ನು ಸರಳವಾಗಿ ಹೇಳುವುದಾದರೆ: ದಣಿವಿನ ಅಂಕ ದಣಿದವನದಾಗಿರಬೇಕು, ಕನ್ನಡಿಯಂತೆ ಅವನ ಕೈಯಲ್ಲಿರಬೇಕು, ಹಾಜರಿ ಪುಸ್ತಕದಂತೆ ಇನ್ನೊಬ್ಬರ ಮೇಜಿನ ಮೇಲಲ್ಲ. ನೌಕರರನ್ನು ಪ್ರಶ್ನಿಸುವ ಹಕ್ಕು ಕಂಪನಿಗೆ ಬೇಕೆನಿಸಿದರೆ, ಕೆಲಸವನ್ನು ಪ್ರಶ್ನಿಸುವ ಹಕ್ಕು ನೌಕರರಿಗೂ ಇರಬೇಕು. ‘ಎಷ್ಟು ದಣಿದಿರಿ?’ ಎಂಬುದರ ಕೆಳಗೆ ‘ಯಾವುದು ದಣಿಸಿತು?’ ಎಂಬ ಒಂದು ಸಾಲು, ಬರೆಯಲು ಒಂದಿಷ್ಟು ಜಾಗ ಇರಲಿ. ಮೊದಲನೆಯ ಪ್ರಶ್ನೆಗೆ ಬಂದ ಉತ್ತರಗಳಿಂದ ಸರಾಸರಿ ತೆಗೆಯಬಹುದು. ಎರಡನೆಯದಕ್ಕೆ ಬಂದವನ್ನು ಕುಳಿತು ಓದಬೇಕಾಗುತ್ತದೆ. ಬಹುಶಃ ಅದಕ್ಕಾಗಿಯೇ ಅದನ್ನು ಯಾರೂ ಕೇಳುವುದಿಲ್ಲ.

ಈ ಚರ್ಚೆಯ ಆಚೆಗೆ ಇನ್ನೂ ದೊಡ್ಡ ಲೋಕವೊಂದಿದೆಯೆಂಬುದನ್ನು ಮರೆಯಬಾರದು. ಬಳ್ಳಾರಿಯ ಜೀನ್ಸ್ ಬಟ್ಟೆಗೆ ಹೆಸರಿದೆ. ಕೌಲ್‌ಬಜಾರಿನ ಕಡೆ ಸಂಜೆ ಹೋದರೆ ಹೊಲಿಗೆಯಂತ್ರಗಳ ಸದ್ದು ಬೀದಿಗೆ ಕೇಳುತ್ತದೆ. ತುಂಡಿಗಿಷ್ಟು ಎಂದು ಕೂಲಿ ಪಡೆಯುವವರಿಗೆ ಮೂರು ಗಂಟೆಗೆ ಯಾವ ಮುಖವೂ ಬರುವುದಿಲ್ಲ. ಅವರ ದಣಿವಿಗೆ ಅಂಕವಿಲ್ಲ. ಅಂಕವಿಲ್ಲದ್ದು ಇಲ್ಲವೇ ಇಲ್ಲವೆಂದು ಎಣಿಸುವ ಕಾಲ ಬಂದರೆ ಅದು ಈ ಯಂತ್ರಗಳು ಮಾಡಬಹುದಾದ ಅತಿ ದೊಡ್ಡ ಅನ್ಯಾಯವಾದೀತು.

ನಾನಂತೂ ಆ್ಯಪನ್ನು ತೆಗೆದುಹಾಕಿಲ್ಲ. ಬರುವ ಬೇಸಿಗೆಯ ಮೌಲ್ಯಮಾಪನಕ್ಕೆ ಅದು ಬೇಕು. ನಾಲ್ಕು ಗಂಟೆಯ ಹೊತ್ತಿಗೆ ನನ್ನ ಬೆರಳು ತಪ್ಪುತ್ತದೆಂದು ಈಗ ನನಗೆ ಗೊತ್ತು; ದಿನಕ್ಕೆ ಇಷ್ಟು ಪತ್ರಿಕೆಗಳೆಂಬ ಲೆಕ್ಕವನ್ನು ತಗ್ಗಿಸಬೇಕೆಂದು ಮೇಲಿನವರಿಗೆ ಬರೆದು ಕೇಳಲು ಅದೊಂದು ಸಾಕ್ಷಿ. ಪತ್ರದ ಕರಡು ಸಿದ್ಧವಾಗಿದೆ. ಅದರಲ್ಲಿ ‘ನಾವು ದಣಿಯುತ್ತೇವೆ’ ಎಂದು ಮೊದಲು ಬರೆದಿದ್ದೆ. ತಿದ್ದಿ, ‘ಈ ಲೆಕ್ಕ ನಮ್ಮನ್ನು ದಣಿಸುತ್ತದೆ’ ಎಂದು ಬರೆದಿದ್ದೇನೆ.